ಸುಂಡಿಲಿಯ ಕಿಡ್ನಿ, ಸೋಯಾ ಹೊಲದ ಪಂಪು

ಪ್ರಶ್ನೆ: ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆ ಸೋಯಾಕ್ಕ ನ್ಯಾನೋ ಗೊಬ್ಬರ ಹೊಡೀತಾರ. ನ್ಯಾನೋ ಲೋಹದ ಕಣದಿಂದ ಇಲಿಗಳ ಕಿಡ್ನಿ ಕೆಟ್ಟಾವಂತ ಓದೀನಿ. ಬೆನ್ನಿಗೆ ಪಂಪು ಹೊತ್ತು ಹೊಡೆಯೋ ನಮಗೂ ಅಪಾಯ ಐತೇನ್ರಿ?
– ಓದುಗರೊಬ್ಬರು, ನಿಲಂಗಾ ತಾಲೂಕು

ಉತ್ತರ: 2021ರಲ್ಲಿ ಇಫ್ಕೋ ತಂದ ನ್ಯಾನೋ ಯೂರಿಯಾ ಕೊಡುವುದು ಸಾರಜನಕ, ಲೋಹವಲ್ಲ. ನೀವು ಓದಿದ ಪ್ರಯೋಗಗಳು ಅದರ ಮೇಲೆ ನಡೆದವಲ್ಲ. ಆದರೆ ಸತು, ತಾಮ್ರದ ನ್ಯಾನೋ ದ್ರವಗಳೂ ಬಂದಿವೆ. ಅವುಗಳ ಮಟ್ಟಿಗೆ ಕೇಳಲೇಬೇಕಾದ ಪ್ರಶ್ನೆ ಇದು.

2006ರಲ್ಲಿ ಚೀನಾದ ವಿಜ್ಞಾನಿಗಳು ಸುಂಡಿಲಿಗಳಿಗೆ ತಾಮ್ರದ ಪುಡಿ ಕುಡಿಸಿ ನೋಡಿದರು. 23.5 ನ್ಯಾನೋಮೀಟರ್ ಕಣವಾದರೆ, ಮೈತೂಕದ ಕಿಲೋಗೆ 413 ಮಿಲಿಗ್ರಾಂ ಕೊಟ್ಟಾಗ ಅರ್ಧದಷ್ಟು ಇಲಿಗಳು ಸಾಯುವ ಲೆಕ್ಕ ಸಿಕ್ಕಿತು. 17 ಮೈಕ್ರೋಮೀಟರ್ ದಪ್ಪದ ಕಣವಾದರೆ 5000 ಮಿಲಿಗ್ರಾಂ ದಾಟಬೇಕಿತ್ತು. ಲೋಹ ಅದೇ, ಬದಲಾದದ್ದು ಗಾತ್ರ. ಬೆಲ್ಲದ ಅಚ್ಚಿಗಿಂತ ಪುಡಿ ಬೇಗ ಕರಗುವಂತೆ, ಸಣ್ಣ ಕಣ ಹೊಟ್ಟೆಯ ಆಮ್ಲದಲ್ಲಿ ಬೇಗ ಕರಗಿ ತಾಮ್ರದ ಅಯಾನುಗಳನ್ನು ರಕ್ತಕ್ಕೆ ಬಿಡುತ್ತದೆ. ಪೆಟ್ಟು ಬೀಳುವುದು ಕಿಡ್ನಿಯ ಸಣ್ಣ ನಾಳಗಳಿಗೆ. ಸೋಸಿದ ನೀರು, ಸಕ್ಕರೆ, ಲವಣಗಳನ್ನು ರಕ್ತಕ್ಕೆ ಮರಳಿಸುವ ಅಲ್ಲಿನ ಜೀವಕೋಶಗಳೇ ಊದಿ ಸಾಯುತ್ತವೆ. ಸತುವಿನ ಆಕ್ಸೈಡ್ ಕೂಡ ಆಮ್ಲದಲ್ಲಿ ಕರಗುವಂಥದ್ದೇ.

ಇಂಥ ಪ್ರಯೋಗಗಳಲ್ಲಿ ಬಳಸಿದ ಇನ್ನೊಂದು ನ್ಯಾನೋ ಕಣ, ಟೈಟಾನಿಯಂ ಡೈಆಕ್ಸೈಡ್, ಹಾಗೆ ಕರಗುವುದಿಲ್ಲ. 2007ರ ಪ್ರಯೋಗವೊಂದರಲ್ಲಿ ಅದೂ ಇಲಿಯ ಕಿಡ್ನಿಗೆ ತೊಂದರೆ ಕೊಟ್ಟಿತು. ಕೊಟ್ಟ ಪ್ರಮಾಣ ಮಾತ್ರ ಕಿಲೋಗೆ 5 ಗ್ರಾಂ! ಅರವತ್ತು ಕಿಲೋ ತೂಗುವ ಮನುಷ್ಯ ಒಂದೇ ಸಲಕ್ಕೆ 300 ಗ್ರಾಂ ನುಂಗಿದಂತೆ.

ಹೊಲದಲ್ಲಿ ನೀರು ಬೆರೆಸಿ ಹೊಡೆಯುವಾಗ ಅಷ್ಟು ಪ್ರಮಾಣ ಹೊಟ್ಟೆಗೆ ಹೋಗುವ ಮಾತೇ ಇಲ್ಲ. ನಿಮ್ಮ ಮಟ್ಟಿಗೆ ನಾನು ಯೋಚಿಸುವುದು ಉಸಿರಿನ ದಾರಿಯನ್ನು. ಮೂಗಿಗೆ ಮಾಸ್ಕ್ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ, ಊಟಕ್ಕೆ ಮುಂಚೆ ಸಾಬೂನು ಹಚ್ಚಿ ಕೈ ತೊಳೆಯಿರಿ. ಬಾಟಲಿಯ ದ್ರವವನ್ನು ಬರಿಗೈಯಲ್ಲಿ ಕಲಕಬೇಡಿ.

ಕಿಡ್ನಿಯ ಚಿಂತೆ ನಿಜವಾಗಿಯೂ ಇದ್ದರೆ, ರಾಶಿ ಮುಗಿದ ಮೇಲೆ ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ಗುಳಿಗೆಯ ಕಡೆ ಮೊದಲು ನೋಡಿ. ಅಂಥ ಗುಳಿಗೆಗಳಲ್ಲೊಂದಾದ ಡೈಕ್ಲೋಫೆನಾಕನ್ನು ದನಗಳಿಗೆ ಕೊಡಬಾರದೆಂದು ಸರಕಾರ 2006ರಲ್ಲೇ ನಿಲ್ಲಿಸಿತು. ಆ ಔಷಧಿ ಕೊಟ್ಟಿದ್ದ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. ಬಿಸಿಲಲ್ಲಿ ನೀರು ಕುಡಿಯದೆ ದುಡಿದು, ಸಂಜೆ ಆ ಗುಳಿಗೆ ನುಂಗುವ ರೂಢಿ ನಿಮಗಿದ್ದರೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರಂತೂ ತಡಮಾಡಬೇಡಿ.