ಕಾರ್ಯದರ್ಶಿ ಪಾತ್ರ ಯಾರು ಮಾಡೋದು?

ಬಿ.ಕಾಂ. ಮಕ್ಕಳಿಗೆ 'ಸಂಸ್ಥೆಗಳ ಬೆಳವಣಿಗೆ ಮತ್ತು ಬದಲಾವಣೆ' ಪಾಠ ಮಾಡುವ ಅತಿಥಿ ಉಪನ್ಯಾಸಕರು ಇದನ್ನು ಓದಬೇಕು. ಕಾಯಂ ಆದವರು ಓದದಿದ್ದರೂ ನಡೆಯುತ್ತದೆ. ಅವರನ್ನು ಯಾರೂ ಚೇಂಬರಿಗೆ ಕರೆಸಿ ನಿಲ್ಲಿಸಿಕೊಳ್ಳುವುದಿಲ್ಲ.

ಒಂದು ವರ್ಷ ನನ್ನ ಕಾರ್ಯಭಾರ ಎರಡು ಕಡೆ ಹಂಚಿಹೋಗಿತ್ತು. ವಾರದ ಮೊದಲರ್ಧ ಶಿಕಾರಿಪುರ, ಉಳಿದರ್ಧ ಸೊರಬ, ನಡುವೆ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡು. ಪಠ್ಯದಲ್ಲಿ ನೋಕಿಯಾ, ಟೊಯೋಟಾ ಕಂಪನಿಗಳ ಕಥೆ. ಎದುರಿಗೆ ಕೂತ ಮಕ್ಕಳು ಕಂಡ ಸಂಸ್ಥೆಗಳೋ ಹಾಲಿನ ಡೇರಿ, ಸೊಸೈಟಿ, ಸ್ತ್ರೀಶಕ್ತಿ ಸಂಘ, ದೇವಸ್ಥಾನ ಕಮಿಟಿ. ಹೊಸದೊಂದು ಬಂದರೆ ಇವುಗಳಲ್ಲಿ ಯಾರು ಯಾಕೆ ಅಡ್ಡ ನಿಲ್ಲುತ್ತಾರೆ ಎನ್ನುವುದು ನಮ್ಮ ಮಕ್ಕಳಿಗೆ ಪುಸ್ತಕ ಬರೆದವರಿಗಿಂತ ಚೆನ್ನಾಗಿ ಗೊತ್ತು.

ಕುರ್ಟ್ ಲೆವಿನ್ನನ ಮೂರು ಹಂತಗಳನ್ನು ಎಲ್ಲರೂ ಬಾಯಿಪಾಠ ಮಾಡಿಸುತ್ತಾರೆ: ಕರಗಿಸು, ಬದಲಿಸು, ಮತ್ತೆ ಗಟ್ಟಿಮಾಡು. ಅದೇ ಮನುಷ್ಯ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗೃಹಿಣಿಯರ ನಡುವೆ ಮಾಡಿದ ಪ್ರಯೋಗವನ್ನು ಯಾರೂ ಹೇಳುವುದಿಲ್ಲ. ಒಳ್ಳೆಯ ಮಾಂಸಕ್ಕೆ ತತ್ವಾರ. ಪ್ರಾಣಿಯ ಹೃದಯ, ಮೂತ್ರಪಿಂಡದಂಥ ಭಾಗಗಳನ್ನೂ ಅಡುಗೆಗೆ ಬಳಸಿ ಎಂದು ಒಂದಷ್ಟು ಗುಂಪುಗಳಿಗೆ ಭಾಷಣ ಮಾಡಿಸಿದರು. ಉಳಿದ ಗುಂಪುಗಳಿಗೆ ತಾವೇ ಚರ್ಚಿಸಿ, ಕೈ ಎತ್ತಿ ತೀರ್ಮಾನಿಸಲು ಬಿಟ್ಟರು. ಭಾಷಣ ಕೇಳಿದವರಲ್ಲಿ ಹೊಸ ಅಡುಗೆ ಮಾಡಿದವರು ನೂರಕ್ಕೆ 3, ಚರ್ಚಿಸಿದವರಲ್ಲಿ 32. ಇದನ್ನು ಓದಿಕೊಂಡ ಮೇಲೂ ಬೋರ್ಡಿನ ಮೇಲೆ ಮೂರು ಹಂತ ಬರೆದು ಇಳಿದುಬರಲು ನನ್ನ ಹಟಮಾರಿ ಬುದ್ಧಿ ಒಪ್ಪಲಿಲ್ಲ.

ಶಿಕಾರಿಪುರದಲ್ಲಿ ಕ್ಲಾಸನ್ನೇ ಹಾಲು ಉತ್ಪಾದಕರ ಸಂಘ ಮಾಡಿದೆ. ಒಬ್ಬೊಬ್ಬರಿಗೂ ಒಂದೊಂದು ಚೀಟಿ: ಅಧ್ಯಕ್ಷ, ಕಾರ್ಯದರ್ಶಿ, ಹಾಲು ಪರೀಕ್ಷಕ, ಒಂದೇ ಹಸು ಸಾಕಿದ ವಿಧವೆ, ಎಂಟು ಹಸುವಿನ ಯಜಮಾನ. ವಿಷಯ, ಹಾಲಿನ ಫ್ಯಾಟು ಅಳೆದು ಪರದೆಯಲ್ಲಿ ತೋರಿಸಿ ಚೀಟಿ ಕೊಡುವ ಸ್ವಯಂಚಾಲಿತ ಯಂತ್ರವನ್ನು ಡೇರಿಗೆ ತರಬೇಕೋ ಬೇಡವೋ. ಮಕ್ಕಳಿಗೆ ನಿಯಮ ಒಂದೇ: 'ಬದಲಾವಣೆ ಒಳ್ಳೆಯದು' ಎಂದು ಯಾರೂ ಹೇಳಕೂಡದು, ತನಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಎನ್ನುವುದನ್ನಷ್ಟೇ ಹೇಳಬೇಕು. ಅರ್ಧಕ್ಕೆ ಚೀಟಿ ಅದಲುಬದಲು. ನಡುವೆ ಮಾತು ಪ್ರೋತ್ಸಾಹಧನಕ್ಕೆ ಹೊರಳಿತು. ಹಾಲಿಗೆ ಸರ್ಕಾರದಿಂದ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ 2008ರಲ್ಲಿ ಶುರುವಾದದ್ದು ಶಿಕಾರಿಪುರದವರಿಗೆ ಹೇಳಿಕೊಡಬೇಕಿಲ್ಲ, ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಅವರೂರಿನ ಶಾಸಕರೇ. ಒಬ್ಬ ಹುಡುಗಿ ಅದಕ್ಕೆ ಸೇರಿಸಿದಳು: "ಆ ದುಡ್ಡು ಬ್ಯಾಂಕಿಗೆ ಬರೋ ಹಂಗಾದ ಮೇಲೆ ಖಾತೆ ಅಮ್ಮನ ಹೆಸರಲ್ಲೋ ಅಪ್ಪನ ಹೆಸರಲ್ಲೋ ಅಂತ ನಮ್ಮನೇಲಿ ವಾರಗಟ್ಟಲೆ ಜಗಳ ಸಾರ್." ಅಧಿಕಾರ ಕೈ ಬದಲಾಯಿಸುವುದನ್ನು ಇಷ್ಟು ಚೆನ್ನಾಗಿ ಯಾವ ಪ್ರೊಫೆಸರೂ ನನಗೆ ಹೇಳಿಕೊಟ್ಟಿರಲಿಲ್ಲ.

ಹೆಗ್ಗೋಡು ಹತ್ತಿರವಲ್ಲವಾ, ನೀನಾಸಂ ನಾಟಕಗಳ ಪ್ರಭಾವವೇ ಎಂದು ಕೇಳುವವರಿದ್ದಾರೆ. ಅಲ್ಲ. ನಾಟಕಕ್ಕೆ ಬರೆದಿಟ್ಟ ಮಾತಿರುತ್ತದೆ, ಇಲ್ಲಿ ಯಾರ ಬಾಯಲ್ಲಿ ಏನು ಬರುತ್ತದೋ ದೇವರೇ ಬಲ್ಲ. ಸೊರಬದಲ್ಲಿ ಆದದ್ದೂ ಅದೇ.

ಅಲ್ಲಿನ ಮಕ್ಕಳು, ಇದನ್ನು ನಿಜವಾದ ಡೇರಿಯವರ ಮುಂದೆಯೇ ಮಾಡೋಣ ಎಂದರು. ತಾಲ್ಲೂಕಿನ ಒಂದು ಹಳ್ಳಿ, ಹೆಸರು ಬೇಡ. ಕಾರ್ಯದರ್ಶಿ ನಗುತ್ತಲೇ ಒಪ್ಪಿದರು. ಸಂಜೆಯ ಹಾಲು ಮುಗಿದ ಮೇಲೆ ಹಾಲ್ ತುಂಬಾ ಜನ, ಬಾಗಿಲಲ್ಲಿ ಖಾಲಿ ಕ್ಯಾನು ಹಿಡಿದ ಹೆಂಗಸರು. ಒಂದು ಟ್ರಂಕು ನಮ್ಮ ಯಂತ್ರ, ಎತ್ತಿ ನಿಲ್ಲಿಸಿದ ಅದರ ಮುಚ್ಚಳವೇ ಪರದೆ. ಕಾರ್ಯದರ್ಶಿ ಚೀಟಿ ಬಂದದ್ದು ಅದೇ ಊರಿನ ಹುಡುಗನಿಗೆ. ಅವನು ಕೂತವನೇ ಮುಚ್ಚಳವನ್ನು ತನ್ನ ಕಡೆ ತಿರುಗಿಸಿಕೊಂಡ, ಪಕ್ಕಕ್ಕೆ ರಿಜಿಸ್ಟರ್ ಅಡ್ಡ ಇಟ್ಟ, ತಲೆ ಎತ್ತದೆ "ಮೂರು ನಾಲ್ಕು... ಮುಂದೆ" ಎಂದ. ನಾನು ಹೇಳಿಕೊಟ್ಟದ್ದಲ್ಲ ಅದು. ಹಾಲ್ ಹೋ ಎಂದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ನಿಜವಾದ ಕಾರ್ಯದರ್ಶಿಯ ಮುಖ ನೋಡಿದ ಮೇಲೆ ನಗು ಸಾಲುಸಾಲಾಗಿ ನಿಂತಿತು.

ಆಗ ಹಿಂದಿನಿಂದ ಒಬ್ಬ ಅಜ್ಜಿ ಎದ್ದಳು. "ಸಂಜೀ ಹಾಲು ಬೆಳಗಿಂದಕ್ಕಿಂತ ಗಟ್ಟಿ ಇರ್ತದೆ. ಫ್ಯಾಟು ಮಾತ್ರ ಸಂಜೀಗೇ ಯಾಕಪ್ಪ ಇಳೀತದೆ? ಫ್ಯಾಟು ಬರೆದ ಚೀಟಿ ಯಾಕೆ ಕೊಡಾದಿಲ್ಲ?" ಆಕೆ ಕೇಳಿದ್ದು ಹುಡುಗನನ್ನು. ಅವನು ನನ್ನನ್ನು ನೋಡಿದ. ನಾನು ಬಾಯಿ ಬಿಡಲಿಲ್ಲ, ಅದು ನನಗಿದ್ದ ನಿಯಮ. ಅವನು ನಿಧಾನಕ್ಕೆ ಮುಂದಿನ ಸಾಲಿನ ಕಡೆ ತಿರುಗಿ, "ಸಾರ್, ನೀವೇ ಹೇಳ್ಬಿಡಿ" ಎಂದ.

"ಇದು ಕಾಲೇಜೋ ಪಾರ್ಟಿ ಆಫೀಸೋ?" ಎಂದು ಎದ್ದು ನಿಂತರು ಕಾರ್ಯದರ್ಶಿ. ಬಂಗಾರಪ್ಪನವರ ಸೊರಬ, ಯಡಿಯೂರಪ್ಪನವರ ಶಿಕಾರಿಪುರ: ಈ ಸೀಮೆಯಲ್ಲಿ ಉತ್ತರವಿಲ್ಲದ ಪ್ರಶ್ನೆಗಳಿಗೆಲ್ಲ ಒಂದು ಪಾರ್ಟಿ ಹಚ್ಚಿಬಿಟ್ಟರೆ ಮುಗಿಯಿತು. ನಿನ್ನನ್ನು ಯಾರು ಕಳಿಸಿದ್ದು, ಎಷ್ಟು ಕೊಟ್ಟರು ಎಂದು ನನಗೆ. ನಿಮ್ಮಪ್ಪ ನಾಳೆ ಎಲ್ಲಿ ಹಾಲು ಹಾಕುತ್ತಾನೆ ನೋಡುತ್ತೇನೆ ಎಂದು ಹುಡುಗನಿಗೆ. ಲೈಟ್ ಆರಿಸಿ, ಬೀಗ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. ಕತ್ತಲಲ್ಲಿ ಟ್ರಂಕು ಹೊತ್ತುಕೊಂಡು ಹೊರಬಂದೆವು. ಅಜ್ಜಿ ಮಾತ್ರ ಕಟ್ಟೆಯ ಮೇಲೆ ನಿಂತು ಇನ್ನೂ ಕೇಳುತ್ತಲೇ ಇದ್ದಳು.

ಮರುದಿನ ಪ್ರಾಂಶುಪಾಲರದು ಒಂದೇ ಪ್ರಶ್ನೆ: "ಸಿಲಬಸ್ ಎಷ್ಟು ಮುಗಿದಿದೆ?" ಏನಾಯಿತು ಎಂದು ಕೇಳಲಿಲ್ಲ, ಹುಡುಗನ ಮನೆಗೆ ಒಂದು ಫೋನ್ ಮಾಡಲಿಲ್ಲ. ಸಂಸ್ಥೆ ಹೇಗೆ ಬದಲಾವಣೆಯನ್ನು ತಡೆಯುತ್ತದೆ ಎನ್ನುವುದಕ್ಕೆ ಆ ಚೇಂಬರಿಗಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಿರಲಿಲ್ಲ. ಮುಂದಿನ ವರ್ಷ ಸೊರಬದ ಕಾರ್ಯಭಾರ ನನಗೆ ಬರಲಿಲ್ಲ. ಆ ಡೇರಿಯಲ್ಲಿ ಈಗ ಪ್ರತಿ ಹೊತ್ತಿಗೂ ಫ್ಯಾಟಿನ ಚೀಟಿ ಕೊಡುತ್ತಾರಂತೆ. ಅದು ಮೊದಲೇ ತೀರ್ಮಾನವಾಗಿತ್ತು ಎನ್ನುತ್ತಾರಂತೆ ಕಾರ್ಯದರ್ಶಿ. ಇರಲಿ.

ಮಾಡುವವರಿಗೆ ಒಂದೆರಡು ಮಾತು. ಒಪ್ಪಿಗೆ ಕಾರ್ಯದರ್ಶಿಯ ಬಾಯಿಮಾತಿನದಾಗಬಾರದು, ಆಡಳಿತ ಮಂಡಳಿಯ ನಡವಳಿ ಪುಸ್ತಕದಲ್ಲಿರಲಿ. ಆಯಾ ಊರಿನ ಮಕ್ಕಳಿಗೆ ಆಯಾ ಊರಿನ ಪಾತ್ರ ಬೇಡ. ಸೊರಬದವರಿಗೆ ಶಿಕಾರಿಪುರದ ಸಂಘ, ಅವರಿಗೆ ಇವರದು. ಆಟ ಮುಗಿದ ಕೂಡಲೇ, ಅದೇ ಜಾಗದಲ್ಲಿ ಕೂತು ಮಾತಾಡಿ. ಮರುವಾರದ ಕ್ಲಾಸಿನಲ್ಲಿ ಆ ಬಿಸಿ ಉಳಿದಿರುವುದಿಲ್ಲ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಊರವರನ್ನೇ ಕೇಳಿ, ಡಿಪೋದವರು ಹೇಳಿದ್ದನ್ನು ನಂಬಬೇಡಿ.