ಉಕ್ಕಿದ್ದು ಎಷ್ಟು ಹೊತ್ತಿಗೆ?

ತುಮಕೂರಿಗೆ ಸಮುದ್ರ ದೂರ. ಆದರೆ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ದಾಟಿ, ಮಂಡ್ಯ ಜಿಲ್ಲೆಯಲ್ಲಿ ಕಾವೇರಿಗೆ ಸೇರುತ್ತದೆ. ಕಾವೇರಿ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಅಳಿವೆಯಲ್ಲಿ ನಿಂತು ಕೊಳಚೆ ಅಳೆಯುವವರು ಅಳೆಯಲಿ. ಅದರ ಲೆಕ್ಕ ಶುರುವಾಗುವುದು ಮಾತ್ರ ಇಂಥ ಒಳನಾಡಿನ ಮ್ಯಾನ್‌ಹೋಲ್‌ಗಳ ಬಾಯಲ್ಲಿ.

ತುಮಕೂರಿನ ಒಳಚರಂಡಿ (ಯುಜಿಡಿ) ನೀರು ಶುದ್ಧೀಕರಣಕ್ಕೆ ಹೋಗುವುದು ಗುಬ್ಬಿ ರಸ್ತೆ ಕಡೆಯ ಭೀಮಸಂದ್ರಕ್ಕೆ. ನಕ್ಷೆಯಲ್ಲಿ ಮಳೆನೀರಿನ ಚರಂಡಿ ಬೇರೆ, ಯುಜಿಡಿ ಬೇರೆ. ಬೀದಿಯಲ್ಲಿ ಹಾಗಿಲ್ಲ. ಮನೆ ಕಟ್ಟಿಸುವವರು ತಾರಸಿಯ ಪೈಪನ್ನು ಸೀದಾ ಕಕ್ಕಸಿನ ಚೇಂಬರಿಗೆ ಇಳಿಸಿಬಿಡುತ್ತಾರೆ, ಖರ್ಚು ಕಡಿಮೆ ಎಂದು. ಒಂದು ಜೋರು ಮಳೆ ಬಿದ್ದರೆ ಕೊಳವೆಗೆ ಅಷ್ಟು ನೀರನ್ನು ಹೊರುವ ತಾಕತ್ತಿರುವುದಿಲ್ಲ. ತಗ್ಗಿನ ಬೀದಿಯಲ್ಲಿ ಮ್ಯಾನ್‌ಹೋಲಿನ ಮುಚ್ಚಳ ಎದ್ದು, ಕರಿನೀರು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಇಳಿಯುತ್ತದೆ.

ಕಾನೂನು ಬಿಗಿಯಾಗೇ ಇದೆ. 2017ರ ಕೇಂದ್ರದ ಅಧಿಸೂಚನೆ ಇಂಥ ಊರುಗಳ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನ ಬಿಒಡಿ, ಅಂದರೆ ಅದರಲ್ಲಿನ ಕೊಳೆ ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 30 ಮಿಲಿಗ್ರಾಂ ಮೀರಬಾರದು ಎಂದಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಇಳಿಸಿತು. ಆದರೆ ಈ ಅಂಕಿಗಳೆಲ್ಲ ಘಟಕದ ಕೊನೆಯ ಪೈಪಿಗೆ ಸಂಬಂಧಿಸಿದವು. ಅಷ್ಟು ದೂರ ಬರುವ ಮೊದಲೇ, ನಡುದಾರಿಯಲ್ಲಿ ಉಕ್ಕಿಹೋದ ನೀರು ಆ ಪೈಪಿನ ಮುಖವನ್ನೇ ನೋಡುವುದಿಲ್ಲ. ವರದಿ ಚೊಕ್ಕ, ಕೆರೆ ಹೊಲಸು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಕಾಲ ಹಿಡಿಯಿತು.

ಕೆರೆ ಕಾಯುವ ಉತ್ಸಾಹಿಗಳು ಸಾಮಾನ್ಯವಾಗಿ ಮೊದಲು ಹಿಡಿಯುವುದು ಬಾಟಲಿಯನ್ನು. ನೀರಿನಲ್ಲಿ ಕರಗಿದ ಆಮ್ಲಜನಕ ನೋಡುವ ವಿಂಕ್ಲರ್ ವಿಧಾನ ಹಳೆಯದು, ಆದರೆ ಕೆರೆ ಏರಿಯ ಮೇಲೇ ಕೂತು ಮಾಡಬಹುದು. ಗುಳ್ಳೆ ಉಳಿಯದಂತೆ 300 ಮಿಲಿಲೀಟರಿನ ಸೀಸೆ ತುಂಬಬೇಕು. ಪಿಪೆಟ್ಟಿನ ತುದಿಯನ್ನು ನೀರೊಳಗೆ ಇಳಿಸಿ ಮ್ಯಾಂಗನೀಸ್ ಸಲ್ಫೇಟ್ ಬಿಡಬೇಕು, ಹಿಂದೆಯೇ ಕ್ಷಾರ ಬೆರೆತ ಅಯೊಡೈಡ್. ಬಿರಡೆ ಒತ್ತಿ ಮೇಲೆ ಕೆಳಗೆ ಮಾಡಿದರೆ ಸೀಸೆಯಲ್ಲಿ ಮೋಡದಂಥ ಗಷ್ಟು ಏಳುತ್ತದೆ. ಕಂದಾದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ನೀರಿನಲ್ಲಿ ಉಸಿರಿಲ್ಲ. ಶಾಲೆ ಮಕ್ಕಳಿಗೂ ಒಂದೇ ಸಲಕ್ಕೆ ತಿಳಿಯುತ್ತದೆ.

ತೊಡಕಿರುವುದು ಹೊತ್ತಿನಲ್ಲಿ. ಕೊಳಚೆ ಉಂಡು ಹಸಿರುಗಟ್ಟಿದ ಕೆರೆ ಮಧ್ಯಾಹ್ನ ಕಡುಕಂದು ತೋರಿಸುತ್ತದೆ, ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಕಾರುತ್ತಿರುತ್ತದಲ್ಲ! ಅದೇ ಪಾಚಿ ರಾತ್ರಿಯೆಲ್ಲ ಆ ಆಮ್ಲಜನಕವನ್ನು ಹೀರಿ, ಕೋಳಿ ಕೂಗುವ ಹೊತ್ತಿಗೆ ಮೀನು ಬಾಯಿ ಬಿಡುವಂತೆ ಮಾಡುತ್ತದೆ. ಕಚೇರಿ ವೇಳೆಯಲ್ಲಿ ತೆಗೆದ ನೀರು ಕೆರೆಯ ಪರ ಸಾಕ್ಷಿ ಹೇಳುತ್ತದೆ. ಉಕ್ಕುವಿಕೆಯದೂ ಇದೇ ಕಥೆ. ರಾತ್ರಿ ಉಕ್ಕಿ ಬೆಳಗಿನ ಜಾವಕ್ಕೆ ಇಳಿದುಹೋದದ್ದನ್ನು ಹನ್ನೊಂದು ಗಂಟೆಗೆ ಬಂದ ಬಾಟಲಿ ಹಿಡಿಯಲಾರದು.

ಇಂಗ್ಲೆಂಡಿನವರು ಇದಕ್ಕೆ ಬೇರೆ ದಾರಿ ಹಿಡಿದರು. ಅಲ್ಲಿನ ಹಳೆ ಊರುಗಳಲ್ಲಿ ಮಳೆನೀರು, ಕೊಳಚೆ ಒಂದೇ ಕೊಳವೆಯಲ್ಲಿ ಹರಿಯುವುದರಿಂದ, ಹೆಚ್ಚಾದದ್ದು ನದಿಗೆ, ಅಳಿವೆಗೆ ಬೀಳಲೆಂದೇ ಬಾಯಿಗಳನ್ನು ಬಿಟ್ಟಿದ್ದಾರೆ. 2023ರ ಕೊನೆಗೆ ಅಂಥ 14 ಸಾವಿರಕ್ಕೂ ಹೆಚ್ಚು ಬಾಯಿಗಳಿಗೆಲ್ಲ ಅಳತೆಗಣ್ಣು ಕೂರಿಸಿ ಮುಗಿಸಿದರು. ಅದು ನೀರಿನ ಗುಣ ನೋಡುವುದಿಲ್ಲ, ಪ್ರಮಾಣವನ್ನೂ ಹೇಳುವುದಿಲ್ಲ. ಯಾವಾಗ ಶುರು, ಯಾವಾಗ ಕೊನೆ, ಅಷ್ಟೇ. ಅಷ್ಟರಿಂದಲೇ ಆ ಒಂದು ವರ್ಷದಲ್ಲಿ ಒಟ್ಟು 36 ಲಕ್ಷ ಗಂಟೆ ಕೊಳಚೆ ಸುರಿದಿದೆ ಎಂದು ಗೊತ್ತಾಗಿ ದೇಶವೇ ಬೆಚ್ಚಿತು.

ನಮ್ಮ ಮ್ಯಾನ್‌ಹೋಲಿಗೆ ಅಂಥ ಯಂತ್ರ ಕೂರಿಸಿದರೆ ಮುಚ್ಚಳದ ಜೊತೆ ಅದೂ ಗುಜರಿ ಸೇರೀತು. ಅದರ ಬದಲಿಗೆ ಜಲವಿಜ್ಞಾನದವರ ಒಂದು ಹಳೆ ಉಪಾಯ ಒದಗಿತು: ಬುಡದಲ್ಲಿ ತೂತು ಕೊರೆದ ಪಿವಿಸಿ ಪೈಪು, ಒಳಗೊಂದು ಮರದ ಪಟ್ಟಿ, ಒಂದಿಷ್ಟು ಕಾರ್ಕ್ ಪುಡಿ. ನೀರು ಏರಿದಾಗ ಪುಡಿ ತೇಲಿ ಪಟ್ಟಿಗೆ ಅಂಟುತ್ತದೆ, ನೀರು ಇಳಿದರೂ ಗೆರೆ ಉಳಿಯುತ್ತದೆ. ರಾಜಕಾಲುವೆ ಎಷ್ಟು ಎತ್ತರ ಏರಿತ್ತು ಎಂಬುದಕ್ಕೆ ಅದೇ ದಾಖಲೆ. ಎಷ್ಟು ಹೊತ್ತಿಗೆ ಎಂಬುದು ಮಾತ್ರ ಅದರಿಂದ ತಿಳಿಯದು. ಅದಕ್ಕೆ ಮನುಷ್ಯರೇ ಬೇಕು: ನಸುಕಿನಲ್ಲಿ ಅಂಗಡಿ ತೆರೆಯುವ ಟೀ ಅಂಗಡಿಯವರು, ಹಾಲಿನವರು, ಕಾವಲುಗಾರರು, ಹಳ್ಳಿ ಕಡೆ ನೀರಗಂಟಿಗಳು. ಫೋನಿನಲ್ಲಿ ತೆಗೆದ ಫೋಟೊದ ಜೊತೆ ಸಮಯ ತಾನಾಗೇ ದಾಖಲಾಗುತ್ತದೆ, ಸಾಕು.

ಅವರು ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆಸಿಕೊಳ್ಳುವುದು ಸುಲಭವೆಂದಲ್ಲ. ಕೋಡಿ ಬಿದ್ದರೆ ಈ ಸೀಮೆಗೆ ಹಬ್ಬ. 2022ರಲ್ಲಿ ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದಾಗ ಊರೂರಲ್ಲಿ ಬಾಗಿನ, ಗಂಗಾಪೂಜೆ. ಬರ ಕಂಡ ಜನಕ್ಕೆ ಆ ದಿನ “ವಾಸನೆ ಬಂತಾ?” ಎಂದು ಕೇಳಿದರೆ ಅಪಶಕುನದವನಂತೆ ನೋಡುತ್ತಾರೆ. “ನೀರು ಬಂತಲ್ಲಾ ಸ್ವಾಮಿ, ಸಾಲದಾ?” ಎಂದು ಕುಣಿಗಲ್ ಕಡೆಯ ಹಿರಿಯರೊಬ್ಬರು ಬೈದೇ ಕಳಿಸಿದ್ದರು. ಅವರ ಮಾತಿನಲ್ಲೂ ಹುರುಳಿತ್ತು.

ಇಷ್ಟೆಲ್ಲ ಆದ ಮೇಲೆ ಆ ಪುಸ್ತಕದಲ್ಲಿ ಕಂಡದ್ದು ಯಾರೂ ಹುಡುಕದಿದ್ದ ಸಂಗತಿ. ಮಳೆಯೇ ಇಲ್ಲದ ದಿನಗಳಲ್ಲೂ ಒಂದು ತಗ್ಗಿನ ಮ್ಯಾನ್‌ಹೋಲ್ ಉಕ್ಕುತ್ತಿತ್ತು, ಅದೂ ಹೆಚ್ಚಾಗಿ ಬೆಳಿಗ್ಗೆ, ಮನೆಮನೆಯಲ್ಲಿ ಸ್ನಾನ ನಡೆಯುವ ಹೊತ್ತಿಗೆ. ಪಕ್ಕದ ಕಾಲಂನಲ್ಲಿ ಕರೆಂಟ್ ಹೋದ ವೇಳೆ ಬರೆದು ನೋಡಿದರೆ ಎರಡೂ ತಾಳೆಯಾದವು. ಕೊಳಚೆ ಕೂಡಿಕೊಳ್ಳುವ ಬಾವಿಯ, ಅಂದರೆ ವೆಟ್‌ವೆಲ್ಲಿನ, ಪಂಪು ನಿಂತರೆ ನೀರು ಹಿಮ್ಮುಖವಾಗಿ ಏರಿ, ಇದ್ದುದರಲ್ಲೇ ತಗ್ಗಾದ ಬಾಯಿಂದ ಹೊರಬೀಳುತ್ತದೆ. ಅಲ್ಲಿಯವರೆಗೆ ಮನವಿಗಳಲ್ಲಿ “ಕೆರೆ ಉಳಿಸಿ” ಎಂದು ಬರೆಯುತ್ತಿದ್ದೆವು. ಮುಂದಿನ ಮನವಿಯಲ್ಲಿ ಪಂಪ್‌ಹೌಸಿನ ಜನರೇಟರ್ ಕೆಲಸ ಮಾಡುತ್ತಿದೆಯೇ, ಬೆಳಿಗ್ಗೆ ಪಾಳಿಯಲ್ಲಿ ಅದನ್ನು ಚಾಲೂ ಮಾಡುವವರು ಯಾರು, ಡೀಸೆಲ್ ಬಿಲ್ ಯಾವ ತಿಂಗಳಿಂದ ಬಾಕಿ ಎಂದು ಕೇಳಿದೆವು.