ಅಂಗದಾನದ ಸಂಕಲ್ಪ: ಲೈಸೆನ್ಸಿನ ಅರ್ಜಿಯಲ್ಲೊಂದು ಅಂಕಣ

ವ್ರತವೆಂಬುದು ತಿಳಿದು, ಮನವೊಪ್ಪಿ, ಸಾಕ್ಷಿಯ ಮುಂದೆ ಕೈಗೊಳ್ಳುವ ನಿಯಮ. ಅರ್ಥವರಿಯದೆ ಮಾಡಿದ ಉಪವಾಸವು ಬರಿಯ ಹಸಿವಾಗಿ ಉಳಿಯುವಂತೆ, ಅರ್ಥವರಿಯದೆ ಮಾಡಿದ ಸಂಕಲ್ಪವೂ ಬರಿಯ ಮಾತಾಗಿ ಉಳಿಯುತ್ತದೆ. ಇಂದು ಮನೆಯ ಮಗನೋ ಮಗಳೋ ವಾಹನ ಚಾಲನೆಯ ಲೈಸೆನ್ಸಿಗೆ ಅರ್ಜಿ ತುಂಬುವಾಗ, ಅಪಘಾತದಲ್ಲಿ ಮರಣ ಒದಗಿದರೆ ಅಂಗಗಳನ್ನು ದಾನಮಾಡಲು ಒಪ್ಪಿಗೆಯುಂಟೇ ಎಂಬ ಅಂಕಣವೊಂದು ಎದುರಾಗುತ್ತದೆ. ಕೆಲವರು ಅವಸರದಲ್ಲಿ ಹೌದೆನ್ನುತ್ತಾರೆ. ಕೆಲವರು ಅಳುಕಿ ಇಲ್ಲವೆನ್ನುತ್ತಾರೆ. ಆ ಅಂಕಣದ ಅರ್ಥವೇನು, ಶ್ರಾವಕ ಶ್ರಾವಿಕೆಯರು ಅದನ್ನು ಹೇಗೆ ವಿಚಾರಿಸಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಕಾನೂನಿನ ಸ್ವರೂಪ

ನಮ್ಮ ದೇಶದಲ್ಲಿ ಅಂಗದಾನಕ್ಕೆ ಆಧಾರವಾದುದು 1994ರ ಮಾನವ ಅಂಗಗಳ ಕಸಿ ಕಾಯಿದೆ. ಇದಕ್ಕೆ 2011ರಲ್ಲಿ ತಿದ್ದುಪಡಿಯಾಯಿತು. 2014ರಲ್ಲಿ ಹೊಸ ನಿಯಮಗಳು ಬಂದವು. 18 ವರ್ಷ ತುಂಬಿದವರು ಮರಣಾನಂತರದ ದಾನಕ್ಕೆ ಪ್ರತಿಜ್ಞೆ ಮಾಡಬಹುದು. ಅಂಗಗಳ ಮಾರಾಟವೂ ಕೊಳ್ಳುವಿಕೆಯೂ ದಂಡನಾರ್ಹ ಅಪರಾಧಗಳು. ಕರ್ನಾಟಕದಲ್ಲಿ ಈ ಕಾರ್ಯದ ಹೊಣೆ ಹೊತ್ತಿರುವ ಸಂಸ್ಥೆ ‘ಜೀವಸಾರ್ಥಕತೆ’.

ಇಲ್ಲಿ ಎಲ್ಲರೂ ಗಮನಿಸಬೇಕಾದ ಮಾತೊಂದುಂಟು. ಅರ್ಜಿಯಲ್ಲಿ ಹಾಕಿದ ಗುರುತು ಕೊನೆಯ ಮಾತಲ್ಲ. ಆ ಗಳಿಗೆ ಬಂದಾಗ ವೈದ್ಯರು ಸಮೀಪ ಬಂಧುಗಳ ಒಪ್ಪಿಗೆಯನ್ನು ಕೇಳುತ್ತಾರೆ. ಅವರು ಬೇಡವೆಂದರೆ ದಾನ ನಡೆಯುವುದಿಲ್ಲ. ನಟ ಸಂಚಾರಿ ವಿಜಯ್ ಅವರು 2021ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಲುಕಿ, ಅವರ ಮಿದುಳು ನಿಷ್ಕ್ರಿಯವಾದಾಗ, ಕುಟುಂಬದವರು ದುಃಖದ ನಡುವೆಯೂ ಒಪ್ಪಿಗೆಯಿತ್ತುದರಿಂದಲೇ ಅಂಗದಾನ ಸಾಧ್ಯವಾಯಿತು. ಆದುದರಿಂದ ಈ ಸಂಕಲ್ಪವನ್ನು ಮಾಡುವವನು ಒಬ್ಬನಾದರೂ ಅದನ್ನು ನಡೆಸಿಕೊಡುವವರು ಮನೆಯವರು.

ಶಂಕೆ: ಹೃದಯ ಮಿಡಿಯುತ್ತಿರುವಾಗಲೇ ಅಂಗಗಳನ್ನು ತೆಗೆಯುತ್ತಾರೆಂದು ಕೇಳಿದ್ದೇವೆ. ಇದು ಪ್ರಾಣಘಾತವಾಗದೇ?

ಸಮಾಧಾನ: ಇದು ನ್ಯಾಯವಾದ ಶಂಕೆ. ಉಸಿರಾಟವನ್ನು ನಡೆಸುವ ಮಿದುಳಿನ ಬುಡವು ಮರಳಿ ಬಾರದಂತೆ ನಾಶವಾದಾಗ ದೇಹವು ತಾನಾಗಿ ಉಸಿರಾಡಲಾರದು. ಯಂತ್ರವು ಗಾಳಿಯನ್ನು ಒತ್ತುವುದರಿಂದ ಹೃದಯ ಕೆಲಕಾಲ ಮಿಡಿಯುತ್ತದೆ. ನಾಲ್ವರು ವೈದ್ಯರ ಮಂಡಲಿಯು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸುತ್ತದೆ. ಯಂತ್ರದ ನೆರವನ್ನು ನಿಲ್ಲಿಸಿ ಸ್ವಂತ ಉಸಿರು ಹುಟ್ಟುವುದೋ ಎಂದು ನೋಡುವುದೂ ಈ ಪರೀಕ್ಷೆಯ ಭಾಗ. ಕಸಿ ಮಾಡುವ ವೈದ್ಯರು ಈ ಮಂಡಲಿಯಲ್ಲಿ ಇರುವಂತಿಲ್ಲ. ಆದುದರಿಂದ ದಾನಿಯೆಂದು ಬರೆಸಿದವನಿಗೆ ಚಿಕಿತ್ಸೆ ಕಡಮೆಯಾದೀತೆಂಬ ಭಯಕ್ಕೂ ಆಧಾರವಿಲ್ಲ.

ಹತ್ತು ಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವೂ ಆಯುವೂ ಸೇರಿವೆ. ಆಯುವಿನ ಕ್ಷಯವನ್ನು ಪ್ರತ್ಯಕ್ಷವಾಗಿ ಕಾಣುವ ಶಕ್ತಿ ಛದ್ಮಸ್ಥರಾದ ನಮಗಿಲ್ಲ, ಕುರುಹುಗಳಿಂದಲೇ ಅರಿಯಬೇಕು. ಈ ಕುರುಹುಗಳು ಸಾಲವೆಂದು ತೋರುವವರಿಗೆ ಬೇರೊಂದು ದಾರಿಯುಂಟು. ನೇತ್ರದಾನವು ಹೃದಯ ನಿಂತ ಮೇಲೆ ನಡೆಯತಕ್ಕುದು. ಸಾಮಾನ್ಯವಾಗಿ ಮರಣದ 6 ಗಂಟೆಗಳೊಳಗೆ ಕಣ್ಣುಗಳನ್ನು ಪಡೆಯುತ್ತಾರೆ. 2006ರಲ್ಲಿ ಡಾ. ರಾಜಕುಮಾರ್ ಅವರ, 2021ರಲ್ಲಿ ಪುನೀತ್ ಅವರ ಕಣ್ಣುಗಳು ಹೀಗೆಯೇ ದಾನವಾದವು. ಪ್ರತ್ಯೇಕ ಪ್ರತಿಜ್ಞಾಪತ್ರದಲ್ಲಿ ಯಾವ ಅಂಗಗಳನ್ನು ಕೊಡುವೆವೆಂದು ಆರಿಸಿ ಬರೆಯಲು ಅವಕಾಶವಿದೆ. ಮನಸ್ಸು ಒಪ್ಪಿದಷ್ಟನ್ನೇ ಬರೆಯಬೇಕು.

ಶಂಕೆ: ಶವವನ್ನು ಹೆಚ್ಚು ಹೊತ್ತು ಇರಿಸಿದರೆ ಸಮ್ಮೂರ್ಛನ ಜೀವಗಳ ಉತ್ಪತ್ತಿಯಾಗುತ್ತದೆಂದು ಹಿರಿಯರು ದಹನಕ್ಕೆ ತಡಮಾಡುವುದಿಲ್ಲ. ದಾನದಿಂದ ವಿಳಂಬವಾಗದೇ?

ಸಮಾಧಾನ: ನೇತ್ರದಾನಕ್ಕೆ ಅರ್ಧ ಗಂಟೆಯೂ ಬೇಕಾಗದು. ನೇತ್ರ ಬ್ಯಾಂಕಿನವರು ಮನೆಗೇ ಬರುತ್ತಾರೆ. ಅವರಿಗೆ ಬೇಗ ತಿಳಿಸುವುದೇ ಮುಖ್ಯ. ಮಿಕ್ಕ ಅಂಗಗಳ ದಾನಕ್ಕೆ ಹಲವು ಗಂಟೆಗಳು ಬೇಕಾಗುತ್ತವೆ, ನಿಜ. ಆದರೆ ಅಂಗಗಳನ್ನು ತೆಗೆಯುವವರೆಗೆ ಯಂತ್ರದ ನೆರವಿನಿಂದ ರಕ್ತಸಂಚಾರ ನಡೆದೇ ಇರುತ್ತದೆ. ಅಪಘಾತದಿಂದಾದ ಮರಣದಲ್ಲಿ ದಾನವಿಲ್ಲದಿದ್ದರೂ ಶವಪರೀಕ್ಷೆಗಾಗಿ ಕಾಯಬೇಕಾಗುತ್ತದೆಂಬುದನ್ನೂ ನೆನೆಯಬೇಕು. ಬಳಿಕ ಗಾಯವನ್ನು ಹೊಲಿದು ದೇಹವನ್ನು ಒಪ್ಪಿಸುತ್ತಾರೆ, ಅಂತ್ಯಸಂಸ್ಕಾರಕ್ಕೆ ಅಡ್ಡಿಯಿಲ್ಲ. ಅಂಗಗಳನ್ನು ತೆಗೆಯುವ ವೆಚ್ಚವನ್ನು ದಾನಿಯ ಮನೆಯವರು ಕೊಡಬೇಕಾಗಿಲ್ಲ.

ಶಂಕೆ: ಪಡೆಯುವವನು ಯಾರೋ, ಅವನ ಆಹಾರ ಆಚಾರಗಳು ಎಂತಹವೋ ತಿಳಿಯದು. ಅಪಾತ್ರದಾನವಾಗದೇ?

ಸಮಾಧಾನ: ಪಾತ್ರದಾನ ಬೇರೆ, ಕರುಣಾದಾನ ಬೇರೆ. ಮುನಿಗಳಿಗೆ ಆಹಾರವೀಯುವಾಗ ಪಾತ್ರವಿಚಾರವುಂಟು. ನೊಂದವನಿಗೆ ಔಷಧ ಕೊಡುವಾಗ ನೋವನ್ನಷ್ಟೇ ನೋಡುತ್ತೇವೆ. ಕಾಯುವವರ ಪಟ್ಟಿ, ರಕ್ತದ ಗುಂಪು, ರೋಗದ ತೀವ್ರತೆ ಮೊದಲಾದವುಗಳ ಮೇಲೆ ಅಂಗವನ್ನು ಪಡೆಯುವವರ ನಿರ್ಣಯವಾಗುತ್ತದೆ. ದಾನಿಯ ಮನೆಯವರು ಹೆಸರು ಹೇಳಿ ಆರಿಸುವಂತಿಲ್ಲ. ಇಂತಹವನಿಗೇ ಸಲ್ಲಲೆಂಬ ಆಸೆಗೂ ಹೆಸರು ಬರಲೆಂಬ ಆಸೆಗೂ ಎಡೆಯಿಲ್ಲದ ದಾನವಿದು. ಒಬ್ಬ ದಾನಿಯಿಂದ ಎರಡು ಮೂತ್ರಪಿಂಡಗಳು, ಯಕೃತ್ತು, ಹೃದಯ, ಶ್ವಾಸಕೋಶಗಳು ಹಲವರಿಗೆ ಒದಗಬಹುದು. ತೆಗೆದ ಹೃದಯವನ್ನು ನಾಲ್ಕರಿಂದ ಆರು ಗಂಟೆಗಳೊಳಗೆ ಕಸಿ ಮಾಡಬೇಕು. ಒಪ್ಪಿಗೆಗೆ ತಡವಾದಷ್ಟೂ ದೇಹಸ್ಥಿತಿ ಕೆಟ್ಟು ಅಂಗಗಳು ನಿರುಪಯುಕ್ತವಾಗುವ ಸಂಭವ ಹೆಚ್ಚು.

ಮನೆಯಲ್ಲಿ ಆಚರಿಸುವ ಬಗೆ

ಲೈಸೆನ್ಸು ಪಡೆಯುವವನ ಮೊದಲ ದಾನ ಅಭಯದಾನ. ವೇಗವನ್ನು ತಡೆದು, ತಲೆಗೆ ಹೆಲ್ಮೆಟ್ ಧರಿಸಿ, ನೆಲವನ್ನು ನೋಡಿ ವಾಹನ ನಡೆಸುವುದು ಗೃಹಸ್ಥನಿಗೆ ಶಕ್ಯವಾದ ಯತ್ನಾಚಾರ. ಅದರ ಬಳಿಕ ಅಂಗದಾನದ ಮಾತು.

ಅರ್ಜಿ ತುಂಬುವ ಮೊದಲು ತಂದೆತಾಯಿಗಳೊಡನೆ, ಮದುವೆಯಾದವರು ಪತಿ ಅಥವಾ ಪತ್ನಿಯೊಡನೆ ಮಾತಾಡಬೇಕು. ಸಂದೇಹವಿದ್ದರೆ ತ್ಯಾಗಿಗಳನ್ನೂ ಬಲ್ಲ ವೈದ್ಯರನ್ನೂ ಕೇಳಬೇಕು. ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಆ ಸಂಜೆಗಳಲ್ಲಿ ಮನೆಯವರೆಲ್ಲ ಕುಳಿತು ತಮ್ಮ ತಮ್ಮ ಇಚ್ಛೆಯನ್ನು ಬಾಯಿಬಿಟ್ಟು ಹೇಳಲಿ. ಒಪ್ಪಿದವನ ಮಾತನ್ನು ಮಿಕ್ಕವರು ನೆನಪಿಡಲಿ. ಒಪ್ಪದವನನ್ನು ಯಾರೂ ನಿಂದಿಸದಿರಲಿ. ಪ್ರತಿಜ್ಞೆಯನ್ನು ಹಿಂದೆಗೆದುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಮನಸ್ಸು ಬದಲಾದರೆ ಅದನ್ನೂ ಮನೆಯವರಿಗೆ ತಿಳಿಸಬೇಕು.

ಕಾಯೋತ್ಸರ್ಗದಲ್ಲಿ ದಿನವೂ ಕೆಲವು ಉಚ್ಛ್ವಾಸಗಳ ಕಾಲ ದೇಹದ ಮಮತೆಯನ್ನು ಬಿಡುವ ಅಭ್ಯಾಸ ನಮ್ಮದು. ಆ ಅಭ್ಯಾಸವುಳ್ಳ ಮನೆಗೆ ಈ ಪ್ರಶ್ನೆ ಹೊಸದಾಗಿ ತೋರಬೇಕಾಗಿಲ್ಲ.

ಮನನಕ್ಕೆ

1. ಅರ್ಜಿಯ ಗುರುತು ಒಂದರಿಂದಲೇ ದಾನ ನಡೆಯುವುದೇ? ಏಕೆ?
2. ಅಂಗದಾನಕ್ಕೂ ನೇತ್ರದಾನಕ್ಕೂ ಕಾಲದ ಭೇದವೇನು?
3. ನಿಮ್ಮ ಇಚ್ಛೆಯನ್ನು ಮನೆಯಲ್ಲಿ ಯಾರು ಬಲ್ಲರು?